ಮಂಡಿಗೆ ಇಂಜೆಕ್ಷನ್: ನಾನು ಕೊಡುವ ರೀತಿ

"ಮಂಡೀಲಿ ಗ್ರೀಸ್ ಖಾಲಿ ಆಗಿದೆಯಂತೆ ಸಾರ್, ಒಂದು ಇಂಜೆಕ್ಷನ್ ಹಾಕಿಬಿಡಿ." ಮೂಳೆ ಡಾಕ್ಟರ್ ಆದವರಿಗೆ ಈ ಮಾತು ಹೊಸದಲ್ಲ. ನಾನು ಎಕ್ಸ್‌ರೇ ನೋಡುವ ಮೊದಲು ಮಂಡಿಯನ್ನೇ ಮುಟ್ಟಿ ನೋಡುತ್ತೇನೆ. ಊದಿಕೊಂಡು ನೀರು ತುಂಬಿದ ಮಂಡಿಗೆ ಸ್ಟೀರಾಯ್ಡ್, ಅಂದರೆ ಊತ ಇಳಿಸುವ ಔಷಧಿ, ಚೆನ್ನಾಗಿ ಕೆಲಸ ಮಾಡುವುದನ್ನು ಕಂಡಿದ್ದೇನೆ. ಊತವೇ ಇಲ್ಲದೆ, ಪೂರ್ತಿ ಸವೆದು ಕಾಲು ಸೊಟ್ಟಗಾಗಿದ್ದರೆ ಅಷ್ಟೇನೂ ಉಪಯೋಗ ಕಂಡಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಂಗಾತ ಮಲಗಿಸಿ, ಕಾಲು ನೀಡಿಸುತ್ತೇನೆ. ತೊಡೆ ಸಡಿಲ ಬಿಡಬೇಕು. ಬಿಗಿ ಹಿಡಿದರೆ ಮಂಡಿಚಿಪ್ಪು ಅಲುಗಾಡುವುದಿಲ್ಲ, ಸೂಜಿಗೆ ಜಾಗ ಸಿಗುವುದಿಲ್ಲ. "ಸಡಿಲ ಬಿಡಿ" ಅಂದರೆ ಜನ ಇನ್ನೂ ಜಾಸ್ತಿ ಬಿಗಿ ಹಿಡಿಯುತ್ತಾರೆ! ಅದಕ್ಕೇ ಅಡಿಕೆ ರೇಟು, ಮಳೆ, ಮೊಮ್ಮಕ್ಕಳು, ಏನಾದರೂ ಸುಮ್ನೆ ಮಾತಿಗೆಳೆಯುತ್ತೇನೆ. ಚರ್ಮವನ್ನು ಚೆನ್ನಾಗಿ ಒರೆಸಿ, ಚಿಪ್ಪಿನ ಮೇಲ್ಭಾಗದ ಹೊರ ಅಂಚಿನಲ್ಲಿ, ಅದರ ಅಡಿಗೆ ಸೂಜಿ ಇಳಿಸುತ್ತೇನೆ. ನೀರಿದ್ದರೆ ಮೊದಲು ಎಳೆಯುತ್ತೇನೆ. ತಿಳಿ ಹಳದಿ ಬಂದರೆ ಸರಿ. ಕದಡಿದ ಹಾಗೆ ಬಂದರೆ ಅವತ್ತು ಔಷಧಿ ಇಲ್ಲ, ನೀರು ನೇರ ಲ್ಯಾಬಿಗೆ. ಸೋಂಕಿರುವ ಕೀಲಿಗೆ ಸ್ಟೀರಾಯ್ಡ್ ಹಾಕಿದರೆ ಅನಾಹುತ.

ಸಾಮಾನ್ಯವಾಗಿ 40 ಮಿಲಿಗ್ರಾಂ ಟ್ರಯಾಮ್ಸಿನಲೋನ್ ಅನ್ನುವ ಸ್ಟೀರಾಯ್ಡ್, ಜೊತೆಗೆ ಮರಗಟ್ಟಿಸುವ ಲಿಗ್ನೋಕೇನ್ ಸ್ವಲ್ಪ. ಸಿರಿಂಜ್ ಒತ್ತಿದರೆ ಸಲೀಸಾಗಿ ಹೋಗಬೇಕು. ತಡೆದರೆ ಸೂಜಿ ಕೀಲಿನೊಳಗಿಲ್ಲ ಅಂತಲೇ ಲೆಕ್ಕ, ಬಲವಂತ ಮಾಡುವುದಿಲ್ಲ.

ಶುಗರ್ ಇರುವವರಿಗೆ ಎರಡು ಸಲ ಹೇಳುತ್ತೇನೆ: ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲೇ ಚೆಕ್ ಮಾಡಿಕೊಳ್ಳಿ. ಮೊದಲೇ ತೀರಾ ಜಾಸ್ತಿ ಇದ್ದರೆ ಇಂಜೆಕ್ಷನ್ ಮುಂದಕ್ಕೆ ಹಾಕುತ್ತೇನೆ.

"ಸ್ಟೀರಾಯ್ಡಾ? ಅಯ್ಯೋ ಬೇಡ" ಅನ್ನುವವರ ಭಯದಲ್ಲಿ ಅರ್ಧ ನಿಜವಿದೆ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಎರಡು ವರ್ಷ, 12 ವಾರಕ್ಕೊಮ್ಮೆ ಕೆಲವರಿಗೆ ಇದೇ ಔಷಧಿ, ಉಳಿದವರಿಗೆ ಬರೀ ಸಲೈನ್ ಕೊಟ್ಟರು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಂತಿರುವ ನುಣುಪು ಪದರ) ಜಾಸ್ತಿ ಸವೆದಿತ್ತು. ಹಾಗಾಗಿ ನಾನು ಕ್ಯಾಲೆಂಡರ್ ನೋಡಿ ಇಂಜೆಕ್ಷನ್ ಕೊಡುವುದಿಲ್ಲ. ನೋವು ಕೆರಳಿ ನಡೆಯಲಾಗದೆ ಇದ್ದಾಗ ಮಾತ್ರ. ಮೂರು ತಿಂಗಳೊಳಗೆ ಮತ್ತೆ ಕೇಳಿದರೆ ಇಲ್ಲ ಅನ್ನುತ್ತೇನೆ. ಬೈಸಿಕೊಂಡದ್ದೂ ಉಂಟು.

ಜೆಲ್ (ಕೀಲು ಸಲೀಸಾಗಿ ಜಾರಲೆಂದು ಹಾಕುವ ಲೋಳೆಯಂಥ ದ್ರವ) ಮತ್ತು ಪಿಆರ್‌ಪಿ ಬಗ್ಗೆ ಕೇಳುವವರು ಈಗ ಜಾಸ್ತಿ. ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ಮಂಡಿಗೆ ಹಾಕುವುದು. 2021ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಅದನ್ನೂ ಸಲೈನನ್ನೂ ಹೋಲಿಸಿ ನೋಡಿತು. ವರ್ಷದ ನಂತರ ನೋವಿನಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಒಳ್ಳೆಯ ಫಲಿತಾಂಶ ತೋರಿಸಿದ ಅಧ್ಯಯನಗಳೂ ಇವೆ. ಆದರೂ ಸಾಲ ಮಾಡಿ ಹಾಕಿಸಿಕೊಳ್ಳುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ.

ಇಂಜೆಕ್ಷನ್ ಆದ ಮೇಲೆ ಒಂದೆರಡು ದಿನ ನೋವು ಹೆಚ್ಚಬಹುದು, ಐಸ್ ಇಡಿ. ಜ್ವರ ಬಂದು ಮಂಡಿ ಕೆಂಪಾದರೆ ಮಾತ್ರ ಕಾಯಬೇಡಿ, ತಕ್ಷಣ ಬನ್ನಿ. ಔಷಧಿ ಹಿಡಿದರೆ ಕೆಲವು ವಾರ ಆರಾಮ ಸಿಗುತ್ತದೆ. ಆ ವಾರಗಳಲ್ಲೇ ತೊಡೆಯ ವ್ಯಾಯಾಮ ಶುರು ಮಾಡಬೇಕು: ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಕಾಲು ನೇರ ಎತ್ತಿ ಹಿಡಿಯುವುದು. ನೋವಿದ್ದಾಗ ಇದನ್ನು ಯಾರೂ ಮಾಡುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಮಂಡಿ ಬದಲಿಸುವ ಆಪರೇಷನ್‌ಗೆ ದಿನ ಗೊತ್ತಾಗಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳು ಇಂಜೆಕ್ಷನ್ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ. ಬೇರೆ ಕಡೆ ಈಗಾಗಲೇ ಹಾಕಿಸಿಕೊಂಡಿದ್ದರೆ ಸರ್ಜನ್‌ಗೆ ಮುಚ್ಚಿಡದೆ ಹೇಳಿ.