ಮೂಳೆ ಕತ್ತರಿಸಿ, ನಡೀರಿ ಅನ್ನುವ ಆಪರೇಷನ್

ಶಿವಮೊಗ್ಗದ ನನ್ನ ಓಪಿಡಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವವರಲ್ಲಿ ಅನೇಕರು ಕಾಲೆತ್ತಿ ತೋರಿಸುವುದು ಎರಡನೇ, ಮೂರನೇ ಬೆರಳಿನ ಬುಡದ ಕೆಳಗಿನ ಆಣಿಯನ್ನು. "ಕಲ್ಲು ಮೆಟ್ಟಿದ ಹಾಗೆ ಆಗ್ತದೆ" ಅನ್ನುತ್ತಾರೆ. ಎಷ್ಟೋ ಸಲ ಬ್ಲೇಡಿನಲ್ಲಿ ಹೆರೆದುಕೊಂಡಿರುತ್ತಾರೆ. ಆದರೆ ಅದು ಚರ್ಮದ ಕಾಯಿಲೆಯಲ್ಲ. ಅಲ್ಲಿ ಮೆಟಟಾರ್ಸಲ್ ಮೂಳೆಯ, ಅಂದರೆ ಬೆರಳಿನ ಹಿಂದೆ ಪಾದದೊಳಗಿರುವ ಉದ್ದ ಮೂಳೆಯ, ತಲೆ (ಬೆರಳಿನ ಕಡೆಯ ತುದಿ) ತನ್ನ ಪಾಲಿಗಿಂತ ಹೆಚ್ಚು ಭಾರ ಹೊರುತ್ತಿರುತ್ತದೆ. ಆ ಮೂಳೆ ಉದ್ದ ಇರಬಹುದು, ಹೆಬ್ಬೆರಳು ವಾಲಿಕೊಂಡು ಭಾರ ಹೊರದೆ ತಪ್ಪಿಸಿಕೊಳ್ಳುತ್ತಿರಬಹುದು, ಮೀನಖಂಡ ಬಿಗಿದಿರಬಹುದು.

ಹೆಚ್ಚಿನವರಿಗೆ ಆಪರೇಷನ್ ಬೇಡ. ಅಗಲವಾದ ಮೆತ್ತನೆ ಚಪ್ಪಲಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ, ಒಂದು ಪ್ಯಾಡ್ ಸಾಕು. ಪ್ಯಾಡನ್ನು ನೋವಿನ ಜಾಗಕ್ಕೇ ಅಂಟಿಸಿಕೊಂಡರೆ ನೋವು ಹೆಚ್ಚುತ್ತದೆ. ಅದು ಕೂರಬೇಕಾದ್ದು ನೋವಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ.

ಇದಿಷ್ಟನ್ನೂ ತಿಂಗಳುಗಟ್ಟಲೆ ಮಾಡಿ ಸೋತವರಿಗೆ ಮಾತ್ರ ಸಣ್ಣ ರಂಧ್ರದಿಂದ ಆ ಮೂಳೆಯನ್ನು ಕೊಯ್ಯುವ ಶಸ್ತ್ರಚಿಕಿತ್ಸೆ. ಅದಕ್ಕೂ ಮೊದಲು ಪಾದದ ನಾಡಿ ನೋಡುತ್ತೇನೆ, ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಪರೀಕ್ಷಿಸುತ್ತೇನೆ. "ಬೀಡಿ ಸೇದ್ತೀರಾ?" ಅಂತ ಕೇಳಿದರೆ ನಮ್ಮ ಕಡೆಯವರು "ಇಲ್ಲಪ್ಪ" ಅಂದುಬಿಡುತ್ತಾರೆ. ಕವಳದ ಜೊತೆ ಹಾಕುವ ಹೊಗೆಸೊಪ್ಪು ಲೆಕ್ಕಕ್ಕೇ ಬರುವುದಿಲ್ಲ. ನಿಕೋಟಿನ್ ಯಾವ ದಾರಿಯಲ್ಲಿ ಹೋದರೂ ಮೂಳೆ ಕೂಡುವುದನ್ನು ತಡಮಾಡುತ್ತದೆ. ಅದಕ್ಕೇ ಎರಡನ್ನೂ ಬೇರೆಬೇರೆಯಾಗಿ ಕೇಳುತ್ತೇನೆ.

ಕಣಕಾಲಿನ ಸುತ್ತ ಇಂಜೆಕ್ಷನ್ ಕೊಟ್ಟು ಪಾದ ಮರಗಟ್ಟಿಸಿ, ಪಾದದ ಮೇಲ್ಭಾಗದಲ್ಲಿ ಸುಮಾರು 3 ಮಿ.ಮೀ. ಗಾಯ ಮಾಡುತ್ತೇನೆ. ಅದರೊಳಗೆ 2 ಮಿ.ಮೀ. ದಪ್ಪದ ಬರ್, ಅಂದರೆ ತಿರುಗುತ್ತಾ ಮೂಳೆ ಕೊಯ್ಯುವ ಕಡ್ಡಿಯಂಥ ಉಪಕರಣ. ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಯಂತ್ರ) ಪರದೆಯಲ್ಲಿ ಮೂಳೆಯ ಕತ್ತು, ಅಂದರೆ ತಲೆಯ ಹಿಂದಿನ ಭಾಗ, ಗುರುತಿಸಿ, ಕೀಲಿನ ಹೊರಗೇ, ಸುಮಾರು 45 ಡಿಗ್ರಿ ಓರೆಯಲ್ಲಿ ಕೊಯ್ಯಬೇಕು. ಬರ್ ನಿಧಾನ ತಿರುಗಬೇಕು, ಸಲೈನ್ ಸುರಿಯುತ್ತಲೇ ಇರಬೇಕು; ಬಿಸಿಯಾದರೆ ಚರ್ಮವೂ ಸುಡುತ್ತದೆ, ಮೂಳೆಯೂ ಸಾಯುತ್ತದೆ. ಗಾಯದಿಂದ ಮೂಳೆಯ ಪುಡಿ ರಕ್ತದಲ್ಲಿ ಕಲಸಿ ಗಂಜಿಯ ಹಾಗೆ ಹೊರಬರುತ್ತದೆ. ಅದನ್ನು ಹಿಂಡಿ ತೆಗೆದು ತೊಳೆಯುತ್ತೇನೆ. ಆಮೇಲೆ ಬೆರಳನ್ನು ಎಳೆದು ತಳ್ಳಿ ನೋಡುತ್ತೇನೆ. ಪರದೆಯಲ್ಲಿ ಮೂಳೆಯ ತಲೆ ಅಲ್ಲಾಡಿತೋ, ಕೊಯ್ತ ಪೂರ್ತಿಯಾಯಿತು. ಒಂದನ್ನೇ ಕೊಯ್ದರೆ ಭಾರ ಪಕ್ಕದ್ದಕ್ಕೆ ಹೋಗುವುದರಿಂದ ಸಾಮಾನ್ಯವಾಗಿ ಎರಡು, ಮೂರು, ನಾಲ್ಕನೆಯದನ್ನು ಒಟ್ಟಿಗೇ ಮಾಡುತ್ತೇನೆ.

ಸ್ಕ್ರೂ ಇಲ್ಲ. ರೋಗಿ ಗಟ್ಟಿ ಅಡಿಯ ಚಪ್ಪಟೆ ಚಪ್ಪಲಿ ಹಾಕಿ ನಡೆದಾಗ ಅವರ ಭಾರವೇ ಮೂಳೆಯ ತಲೆಯನ್ನು ಮೇಲಕ್ಕೆ, ಹಿಂದಕ್ಕೆ ಸರಿಸಿ ತಕ್ಕ ಮಟ್ಟದಲ್ಲಿ ಕೂರಿಸುತ್ತದೆ. ಮನೆಯವರನ್ನು ಒಪ್ಪಿಸುವುದೇ ಕಷ್ಟ. ರೋಗಿಯೊಬ್ಬರ ಅತ್ತೆ ಡಿಸ್ಚಾರ್ಜ್ ದಿನ ನನ್ನನ್ನು ತಡೆದು ನಿಲ್ಲಿಸಿದ್ದರು: "ಮೂಳೆ ಕತ್ತರಿಸಿ ನಡೀರಿ ಅಂತೀರಲ್ಲ ಡಾಕ್ಟ್ರೇ, ಬಾಣಂತಿ ಹಾಗೆ ಮಲಗಿಸೋದು ಬ್ಯಾಡ್ವಾ?" ಈಗ ಮನೆಯ ಹಿರಿಯರನ್ನು ಆಪರೇಷನ್‌ಗೆ ಮೊದಲೇ ಕರೆಸಿ, ಎಕ್ಸ್-ರೇ ಹಿಡಿದು ಹೇಳುತ್ತೇನೆ. ಕೊಯ್ದ ಗೆರೆ ಎಕ್ಸ್-ರೇಯಲ್ಲಿ ತಿಂಗಳುಗಟ್ಟಲೆ ಕಪ್ಪಾಗಿಯೇ ಕಾಣಬಹುದು, ಗಾಬರಿ ಬೇಡ ಅಂತಲೂ ಸೇರಿಸುತ್ತೇನೆ.

ಗಾಯ ಸಣ್ಣದು, ಊತ ಸಣ್ಣದಲ್ಲ. ಮೂರರಿಂದ ಆರು ತಿಂಗಳು ಇರುತ್ತದೆ. ಮೊದಲ ವಾರಗಳಲ್ಲಿ ಪಟ್ಟಿ ಒದ್ದೆಯಾಗಬಾರದು, ಆಮೇಲೂ ಕೆಲಕಾಲ ಗಂಬೂಟಿಗೆ ಪಾದ ತೂರುವುದಿಲ್ಲ. ಹಾಗಾಗಿ ತೋಟದವರಿಗೆ ಅಡಿಕೆ ಕೊಯ್ಲು ಮುಗಿದ ಕೂಡಲೇ ಒಳ್ಳೆಯ ಕಾಲ. ಮೇ ಕೊನೆಯಲ್ಲಿ ಬಂದು ಅವಸರ ಮಾಡುವವರಿಗೆ ಪ್ಯಾಡ್ ಬರೆದುಕೊಟ್ಟು, ಮುಂದಿನ ಕೊಯ್ಲು ಮುಗಿಸಿಯೇ ಬನ್ನಿ ಅನ್ನುತ್ತೇನೆ.