ಶಿಳ್ಳೆಯನ್ನು ಮೊದಲೇ ಅಳಿಸಬೇಡಿ: ಮಾವನ ಕ್ಯಾಸೆಟ್‌ಗಳನ್ನು ನಾನು ಉಳಿಸಿಕೊಂಡ ಬಗೆ

ಬೂಷ್ಟು ಹಿಡಿದ ಕ್ಯಾಸೆಟ್, ಅದರಲ್ಲೂ ಶಾರ್ಟ್‌ವೇವ್ ರೇಡಿಯೋದಿಂದ ಹಿಡಿದ, ಉದ್ದಕ್ಕೂ ಶಿಳ್ಳೆ ಹೊಡೆಯುವ ರೆಕಾರ್ಡಿಂಗ್, ಅದೂ ಸೆಲ್ ಇಳಿದುಹೋದ ಟೂ-ಇನ್-ಒನ್‌ನಲ್ಲಿ. ಇದನ್ನು ಸರಿ ಮಾಡಲು ಆಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಈಗ ಸುಮಾರು ನೂರೈವತ್ತು ಕ್ಯಾಸೆಟ್ ಮುಗಿದಿವೆ. ಮಾತು ಸ್ಪಷ್ಟವಾಗಿ ಕೇಳುತ್ತದೆ, ವೇಗ ಸರಿಯಾಗಿದೆ. ಆಗಲ್ಲ ಎಂದವರಲ್ಲಿ ಇಬ್ಬರು ಮೊನ್ನೆ ಮೊನ್ನೆ ಫೋನ್ ಮಾಡಿ, ಹೇಗೆ ಮಾಡಿದಿರಿ ಎಂದು ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡೆಕ್ (ಕ್ಯಾಸೆಟ್ ನುಡಿಸುವ ಯಂತ್ರ), ಹೆಡ್ (ಟೇಪಿನಿಂದ ದನಿ ಓದುವ ಭಾಗ), ಅಜಿಮತ್ (ಟೇಪಿಗೆ ಹೆಡ್ ಕೂರುವ ಕೋನ), ಆಡಾಸಿಟಿ (ಕಂಪ್ಯೂಟರ್‌ನಲ್ಲಿ ದನಿ ತಿದ್ದುವ ಸಾಫ್ಟ್‌ವೇರ್) ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ಕ್ಯಾಸೆಟ್‌ಗಳು ನನ್ನ ಸೋದರಮಾವನವು. ಕೊಡಗಿನ ಸಿದ್ದಾಪುರದ ಕಡೆ ತೋಟ. 70ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಅವರು ರಾತ್ರಿ ಕೂತು ಬಿಬಿಸಿ ವರ್ಲ್ಡ್ ಸರ್ವಿಸ್ ಕೇಳುತ್ತಿದ್ದರು. ರಾಕ್, ಪಾಪ್ ಕಾರ್ಯಕ್ರಮಗಳಲ್ಲಿ ಹಾಡು ಬಂದಾಗ ಪಾಜ್ ಗುಂಡಿ ಒತ್ತಿ, ಹಾಡುಗಾರರ ಮಾತು ಬಂದಾಗ ಬಿಡುತ್ತಿದ್ದರು. ಎಲ್ಲರೂ ಮಾಡುತ್ತಿದ್ದುದರ ಉಲ್ಟಾ. "ಹಾಡು ಎಲ್ಲಾದರೂ ಸಿಗುತ್ತೆ, ಮಾತು ಮತ್ತೆ ಬರಲ್ಲ" ಎನ್ನುತ್ತಿದ್ದರು. ಆ ಬುದ್ಧಿಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಆದರೆ ಎರಡು ಟ್ರಂಕ್ ತುಂಬಿದ ಮೇಲೆ ಅಟ್ಟಕ್ಕೆ ಹಾಕಿಬಿಟ್ಟರು. ಕೊಡಗಿನ ಅಟ್ಟ, ಮೂವತ್ತಕ್ಕೂ ಹೆಚ್ಚು ಮಳೆಗಾಲ. ನಾನು ಕೇಳಿದಾಗ, "ಅದನ್ನೆಲ್ಲ ಈಗ ಯಾರು ಕೇಳ್ತಾರೆ ಮಾರಾಯ, ಎಲ್ಲ ಮೊಬೈಲಲ್ಲೇ ಇದೆಯಲ್ಲ" ಎಂದರು.

ಎಲ್ಲ ಮೊಬೈಲಲ್ಲಿ ಇಲ್ಲ. ಇರುವುದು ತುಂಡುಗಳು. ಬ್ರಿಟಿಷ್ ಗಾಯಕ ಡೇವಿಡ್ ಬೋವಿ 1999ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಜೊತೆ ಇಂಟರ್ನೆಟ್ ಬಗ್ಗೆ ಆಡಿದ ಮಾತನ್ನು ನೀವೂ ನೋಡಿರುತ್ತೀರಿ. ಅದು ಬರೀ ಒಂದು ಸಾಧನ ಅಲ್ವಾ ಎಂದು ಪ್ಯಾಕ್ಸ್‌ಮನ್ ಕೇಳುತ್ತಾರೆ, ಬೋವಿ ಖಂಡಿತ ಅಲ್ಲ ಎನ್ನುತ್ತಾರೆ. ಎಲ್ಲರೂ ಹಂಚುವುದು ಅಷ್ಟೇ. ಪೂರ್ತಿ ಕೇಳಿದರೆ ಆ ಉತ್ತರಕ್ಕೆ ಅವರು ಎಲ್ಲಿಂದ ಬಂದರು ಎಂಬುದು ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಉದಾಹರಣೆ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್. ಬೀಟಲ್ಸ್ ಏಸುವಿಗಿಂತ ಜನಪ್ರಿಯರು ಎಂಬ ಮಾತು ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಮಾರೀನ್ ಕ್ಲೀವ್ ಬರೆದ ಉದ್ದದ ಲೇಖನದ ಒಳಗೆ 1966ರ ಮಾರ್ಚ್‌ನಲ್ಲೇ ಬಂದಿತ್ತು. ಅಲ್ಲಿ ದೊಡ್ಡ ಗಲಾಟೆ ಏನೂ ಆಗಲಿಲ್ಲ. ನಾಲ್ಕೈದು ತಿಂಗಳ ಮೇಲೆ ಅಮೆರಿಕದ ಡೇಟ್‌ಬುಕ್ ಎಂಬ ಪತ್ರಿಕೆ ಆ ಒಂದು ಮಾತನ್ನೇ ಎತ್ತಿ ತೋರಿಸಿತು. ಅಲ್ಲಿನ ಜನ ಬೀಟಲ್ಸ್ ರೆಕಾರ್ಡ್ ಸುಟ್ಟರು. ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಪತ್ರಕರ್ತರ ಮುಂದೆ ಕೂತು ಲೆನನ್ ವಿವರಣೆ ಕೊಡಬೇಕಾಯಿತು. ಮಾತು ಅದೇ, ಸುತ್ತ ಇದ್ದುದು ಹೋಗಿತ್ತು. ನನಗೆ ಬೇಕಾಗಿದ್ದು ಆ ಸುತ್ತ ಇದ್ದುದು.

ಮೊದಲು ದುಡ್ಡಿನ ವಿಷಯ. ಬೆಂಗಳೂರಿನ ಒಂದು ಸ್ಟುಡಿಯೋ ಕ್ಯಾಸೆಟ್‌ಗೆ ಎಂಟುನೂರು ಹೇಳಿತು, ಬೂಷ್ಟು ಇದ್ದರೆ ಮುಟ್ಟುವುದೇ ಇಲ್ಲ ಎಂದಿತು. ಎರಡು ಟ್ರಂಕ್‌ಗೆ ಲೆಕ್ಕ ಹಾಕಿದರೆ ಲಕ್ಷದ ಮೇಲೆ. ನಾನು ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್ ಸುತ್ತಿ ಒಂದು ಹಳೆಯ ಡೆಕ್ ತಂದೆ, ಆರು ಸಾವಿರದ ಆಸುಪಾಸು. ಬೆಲ್ಟ್, ಟೇಪನ್ನು ಎಳೆಯುವ ಪಿಂಚ್ ರೋಲರ್ ಬದಲಿಸಲು ಇನ್ನೊಂದು ಸಾವಿರ. ದನಿಯನ್ನು ಕಂಪ್ಯೂಟರ್‌ಗೆ ಒಯ್ಯುವ ಆಡಿಯೋ ಇಂಟರ್‌ಫೇಸ್ ಎಂಟು ಸಾವಿರ ಇರಬೇಕು. ತೇವ ಹೀರುವ ಸಿಲಿಕಾ ಜೆಲ್, ಐಸೋಪ್ರೊಪೈಲ್ ಆಲ್ಕೊಹಾಲ್, ಸ್ಕ್ರೂ ಇರುವ ಖಾಲಿ ಶೆಲ್‌ಗಳು (ಕ್ಯಾಸೆಟ್‌ನ ಹೊರಕವಚ), ಎನ್-95 ಮಾಸ್ಕ್, ತೇವ ಅಳೆಯುವ ಸಣ್ಣ ಮೀಟರ್ ಎಲ್ಲ ಸೇರಿ ಐದಾರು ಸಾವಿರ. ಇಪ್ಪತ್ತೆರಡು ಸಾವಿರದ ಒಳಗೆ ಮುಗಿಯಿತು. ಆಮೇಲೆ ಬೇರೆಯವರ ಮನೆಯ ಕ್ಯಾಸೆಟ್‌ಗಳನ್ನೂ ಮಾಡಿಕೊಟ್ಟು ಅದರ ಮುಕ್ಕಾಲು ಪಾಲು ವಾಪಸ್ ಬಂದಿದೆ.

ಬೂಷ್ಟು ಹಿಡಿದ ಟೇಪನ್ನು ಡೆಕ್‌ಗೆ ಹಾಕಲೇಬಾರದು ಎಂಬುದು ನಿಮಗೆ ಗೊತ್ತು. ಒಂದು ಹಾಕಿದರೆ ಹೆಡ್, ಗೈಡ್ ಎಲ್ಲ ಹಾಳು, ಮುಂದಿನ ಟೇಪ್‌ಗೂ ಅಂಟುತ್ತದೆ. ಇಲ್ಲಿ ಕಷ್ಟ ಒಣಗಿಸುವುದು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮಡಿಕೇರಿಯ ನನ್ನ ಕೋಣೆಯಲ್ಲಿ ತೇವದ ಮೀಟರ್ ಶೇಕಡಾ 90ರ ಕೆಳಗೆ ಇಳಿಯುವುದೇ ಇಲ್ಲ. ಬಯಲುಸೀಮೆಯವರು ಹೇಳುವ ಹಾಗೆ ಫ್ಯಾನ್ ಕೆಳಗೆ ಇಟ್ಟರೆ ಒದ್ದೆ ಗಾಳಿಯನ್ನೇ ಬೀಸಿದ ಹಾಗೆ. ಬಿಸಿಲಿಗೆ ಇಡುವುದು ಬೇಡವೇ ಬೇಡ.

ಏಲಕ್ಕಿ ಒಣಗಿಸುವ ಗೂಡಿನಲ್ಲಿ ಇಟ್ಟು ನೋಡು ಎಂದು ತೋಟದವರೊಬ್ಬರು ಸಲಹೆ ಕೊಟ್ಟರು. ಕೇಳಲು ಚೆನ್ನಾಗಿತ್ತು. ಸ್ಟುಡಿಯೋದ ಹಳೆಯ ದೊಡ್ಡ ರೀಲ್‌ಗಳು ಅಂಟಂಟಾದಾಗ ಐವತ್ತು ಡಿಗ್ರಿ ಚಿಲ್ಲರೆಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡುತ್ತಾರಲ್ಲ, ಏಲಕ್ಕಿ ಗೂಡಿನ ಬಿಸಿಯೂ ಹೆಚ್ಚು ಕಡಿಮೆ ಅಷ್ಟೇ. ಬೇಡದ ಸಿನಿಮಾ ಹಾಡಿನ ನಾಲ್ಕಾರು ಕ್ಯಾಸೆಟ್ ಇಟ್ಟು ನೋಡಿದೆ. ಕೆಲವು ಶೆಲ್ ಸೊಟ್ಟಗಾದವು, ಟೇಪ್ ಬಿಗಿಯಾಗಿ ಸುತ್ತಿಕೊಂಡಿತು, ಬೂಷ್ಟು ಮಾತ್ರ ಹಾಗೇ ಇತ್ತು. ಆ ಬಿಸಿಯ ಮದ್ದು ಅಂಟು ಬಿಡುವ ರೀಲ್‌ಗಳಿಗೆ. ನಮ್ಮ ಮಾಮೂಲಿ ಕ್ಯಾಸೆಟ್‌ಗೆ ಆ ಕಾಯಿಲೆ ಇಲ್ಲ, ಅದಕ್ಕೆ ಬೇಕಾದ್ದು ಶಾಖವಲ್ಲ, ಒಣ ಗಾಳಿ.

ಕೊನೆಗೆ ಕೆಲಸಕ್ಕೆ ಬಂದದ್ದು ತುಂಬ ಸರಳ. ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, ತಳಕ್ಕೆ ಸಿಲಿಕಾ ಜೆಲ್, ಮೇಲೆ ಜಾಲರಿ, ಅದರ ಮೇಲೆ ಕವರ್ ತೆಗೆದ ಕ್ಯಾಸೆಟ್‌ಗಳು. ಮೀಟರ್ 40ರಿಂದ 45ಕ್ಕೆ ಬಂದು ಅಲ್ಲೇ ನಿಲ್ಲಬೇಕು. ಮೂರು ನಾಲ್ಕು ವಾರ ಹಿಡಿಯುತ್ತದೆ, ಆತುರ ಮಾಡಬೇಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಆದರೆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಯ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಒಣಗಿದ ಬೂಷ್ಟು ಪುಡಿಯಾಗಿ ಬಿಡುತ್ತದೆ, ಒದ್ದೆಯದು ಮೆತ್ತಿಕೊಳ್ಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ನಾನು ಟೇಪ್ ಬಿಚ್ಚುತ್ತೇನೆ. ಅಂಗಳದಲ್ಲಿ ಕೂತು, ಮಾಸ್ಕ್ ಹಾಕಿ, ಕೈಯಲ್ಲಿ ತಿರುಗಿಸುವ ಒಂದು ಚೌಕಟ್ಟಿನಲ್ಲಿ ಟೇಪನ್ನು ಮೆತ್ತನೆ ಬಟ್ಟೆಯ ನಡುವೆ ಎಳೆಯುತ್ತೇನೆ. ಬಟ್ಟೆ ಯಾವುದು, ಅದಕ್ಕೆ ಎಷ್ಟು ದ್ರವ, ಅದರಲ್ಲಿ ಏನು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಬೇಸಿಗೆ ಬೇಕಾಯಿತು.

ಅಂಟಿಸಿದ ಶೆಲ್‌ಗಳನ್ನು ಬ್ಲೇಡಿನಿಂದ ಬಿಡಿಸಿ ಸ್ಕ್ರೂ ಶೆಲ್‌ಗೆ ಹಾಕುವುದು, ಟೇಪನ್ನು ಹೆಡ್‌ಗೆ ಒತ್ತಿಹಿಡಿಯುವ ಪ್ರೆಷರ್ ಪ್ಯಾಡ್ ಉದುರಿದ್ದರೆ ಬದಲಿಸುವುದು, ಇವೆಲ್ಲ ನಿಮಗೆ ಮಾಮೂಲಿ.

ಈಗ ಶಿಳ್ಳೆಗೆ ಬರೋಣ. ಮಾವ ಮಳೆಗಾಲದಲ್ಲಿ ರೆಕಾರ್ಡ್ ಮಾಡಿದ್ದು ಬಹಳಷ್ಟು ಸೆಲ್ ಮೇಲೆ, ಕರೆಂಟ್ ಇರುತ್ತಿರಲಿಲ್ಲ. ಸೆಲ್ ಇಳಿದ ಹಾಗೆ ಮೋಟರ್ ನಿಧಾನ. ನಿಧಾನವಾಗಿ ಹಿಡಿದದ್ದನ್ನು ಸರಿ ವೇಗದಲ್ಲಿ ಕೇಳಿದರೆ ದನಿ ಮೇಲೇರುತ್ತದೆ. ಸೈಡ್ ಶುರುವಿನಲ್ಲಿ ನಡುವಯಸ್ಸಿನ ಗಾಯಕ, ಮುಗಿಯುವ ಹೊತ್ತಿಗೆ ಹುಡುಗನ ದನಿ. ಇದನ್ನು ಕಿವಿಯಲ್ಲಿ ಸರಿ ಮಾಡಲು ಹೋದರೆ ಪ್ರತಿ ಸಲ ಒಂದೊಂದು ಥರ ಆಗುತ್ತದೆ.

ಮೊದಲು ಕರೆಂಟಿನ ಹಮ್ (ರೆಕಾರ್ಡಿಂಗ್ ಒಳಗೆ ಸೇರುವ ಗುಂಯ್ ದನಿ) ಹಿಡಿದು ನೋಡಿದೆ. 50 ಹರ್ಟ್ಸ್ ಇರಬೇಕಲ್ಲ, ಅದನ್ನೇ ಅಳತೆ ಮಾಡಿಕೊಳ್ಳೋಣ ಎಂದು. ಕೆಲವು ವಾರ ಅದರಲ್ಲೇ ಹೋಯಿತು. ಸೆಲ್ ಮೇಲೆ ಹಿಡಿದದ್ದರಲ್ಲಿ ಹಮ್ಮೇ ಇಲ್ಲ. ಕರೆಂಟ್ ಮೇಲೆ ಹಿಡಿದದ್ದರಲ್ಲಿ ಇದೆ, ಆದರೆ ಆ ಕಾಲದ ನಮ್ಮ ದಕ್ಷಿಣದ ಗ್ರಿಡ್ 50ರಲ್ಲಿ ನಿಲ್ಲುತ್ತಲೇ ಇರಲಿಲ್ಲ, ಲೋಡ್ ಜಾಸ್ತಿಯಾದರೆ 48ರ ಹತ್ತಿರಕ್ಕೆ ಇಳಿಯುತ್ತಿತ್ತು. ಅಳತೆಗೋಲೇ ಕುಗ್ಗಿದರೆ ಏನು ಅಳೆಯುವುದು?

ಆಮೇಲೆ ಪಿಪ್‌ಗಳು. ವರ್ಲ್ಡ್ ಸರ್ವಿಸ್‌ನಲ್ಲಿ ಗಂಟೆಗೆ ಸರಿಯಾಗಿ ಸಮಯ ತೋರಿಸುವ ಆರು ಪಿಪ್, ಅಂದರೆ ಪೀಪ್ ಎನ್ನುವ ಸದ್ದು, ಬರುತ್ತಿದ್ದವು, 1972ರಿಂದ ಆರನೆಯದು ಉದ್ದ. ಒಂದು ಕಿಲೋಹರ್ಟ್ಸ್ ದನಿ, ಸೆಕೆಂಡಿಗೊಂದು. ಮಾವ ಕಾರ್ಯಕ್ರಮ ತಪ್ಪಬಾರದೆಂದು ನಿಮಿಷ ಮುಂಚೆಯೇ ರೆಕಾರ್ಡ್ ಒತ್ತುತ್ತಿದ್ದರು, ಹಾಗಾಗಿ ಎಷ್ಟೋ ಟೇಪಿನ ತಲೆಯಲ್ಲಿ ಪಿಪ್ ಇವೆ. ದನಿಯ ಸ್ವರಗಳನ್ನು ಬಿಡಿಸಿ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ 1,000 ಬದಲು 1,020 ತೋರಿಸಿದರೆ ರೆಕಾರ್ಡರ್ ಶೇಕಡಾ 2 ನಿಧಾನ ಇತ್ತು ಎಂದು ಅರ್ಥ. ಚಿನ್ನದಂಥ ಅಳತೆ. ಆದರೆ ಶುರುವಿನದು ಮಾತ್ರ ಗೊತ್ತಾಗುತ್ತದೆ, ನಡುವಿನ ಅರ್ಧ ಗಂಟೆಯ ಕಥೆ?

ಅದನ್ನು ಹೇಳುವುದು ಶಿಳ್ಳೆ. ಶಾರ್ಟ್‌ವೇವ್ ಸ್ಟೇಷನ್‌ಗಳ ನಡುವಿನ ಅಂತರ 5 ಕಿಲೋಹರ್ಟ್ಸ್. ಪಕ್ಕದ ಸ್ಟೇಷನ್ ಜೋರಾಗಿದ್ದರೆ ಎರಡೂ ಸ್ಟೇಷನ್‌ಗಳ ಕ್ಯಾರಿಯರ್ (ದನಿ ಹೊತ್ತು ತರುವ ರೇಡಿಯೋ ಅಲೆ) ಸೇರಿ ಸಣ್ಣಗೆ ಕೊರೆಯುವ ಒಂದು ಶಿಳ್ಳೆ ಹುಟ್ಟುತ್ತದೆ, 5,000 ಹರ್ಟ್ಸ್‌ನದು. ಎಲ್ಲರೂ ನನಗೆ ಹೇಳಿದ್ದು ಒಂದೇ: ಮೊದಲು ನಾಯ್ಸ್ ತೆಗಿ, ಶಿಳ್ಳೆ ಕತ್ತರಿಸು, ಆಮೇಲೆ ಬೇರೆ ಕೆಲಸ. ನಾನು ಉಲ್ಟಾ ಮಾಡಿದೆ. ಆ ಶಿಳ್ಳೆ ಟೇಪಿನ ಉದ್ದಕ್ಕೂ ಇರುತ್ತದೆ. ಗಾಳಿಯಲ್ಲಿ ಬರುವಾಗ ಅದು ಸರಿಯಾಗಿ 5,000ವೇ ಇತ್ತು. ಟೇಪಿನಲ್ಲಿ ಎಷ್ಟು ತೋರಿಸುತ್ತದೋ ಅಷ್ಟು ರೆಕಾರ್ಡರ್ ತಪ್ಪಿದೆ.

ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ (ಹೊತ್ತು ಸರಿದಂತೆ ಸ್ವರ ಏರಿಳಿಯುವುದನ್ನು ತೋರಿಸುವ ಚಿತ್ರ) ತೆರೆದು, ವಿಂಡೋ ಸೈಜ್ ದೊಡ್ಡದು ಮಾಡಿ, 4,500ರಿಂದ 5,500ರವರೆಗೆ ಮಾತ್ರ ಹಿಗ್ಗಿಸಿ ನೋಡಿ. ಒಂದು ತೆಳು ಗೆರೆ ಕಾಣುತ್ತದೆ. ಮಾವನ ಒಂದು ಟೇಪಿನಲ್ಲಿ ಅದು 5,000ದಿಂದ ಹೊರಟು ಮೆಲ್ಲಗೆ ಏರಿ ಸೈಡ್ ಮುಗಿಯುವಾಗ 5,300ರ ಹತ್ತಿರ ಇತ್ತು. ಶೇಕಡಾ 6, ಅಂದರೆ ಪಿಯಾನೋದಲ್ಲಿ ಪಕ್ಕದ ಕೀಗೆ ಹೋದಷ್ಟು. ವೇಗ ತಿದ್ದುವ ಟೈಮ್ ಟ್ರ್ಯಾಕ್ ಹಾಕಿ, ಆ ಗೆರೆಯ ಏರಿಕೆಗೆ ತಕ್ಕಂತೆ ವೇಗ ಇಳಿಸುತ್ತಾ ಹೋದೆ. ಗೆರೆ ನೆಟ್ಟಗಾಯಿತು ಎಂದರೆ ದನಿಯೂ ನೆಟ್ಟಗಾಯಿತು. ಫೇಡ್ ಆಗಿ ಗೆರೆ ಮಾಯವಾದ ಕಡೆ ಹಿಂದಿನ ಮುಂದಿನ ಬಿಂದು ಸೇರಿಸಿದರೆ ಸಾಕು. ಎಲ್ಲ ಮುಗಿದ ಮೇಲೆ ನಾಚ್ ಫಿಲ್ಟರ್ (ಒಂದು ಸ್ವರವನ್ನಷ್ಟೇ ಕತ್ತರಿಸುವಂಥದ್ದು) ಹಾಕಿ ಶಿಳ್ಳೆ ತೆಗೆಯಿರಿ. ಗೆರೆ ಈಗ ನೆಟ್ಟಗಿರುವುದರಿಂದ ಸಣ್ಣ ಫಿಲ್ಟರ್ ಸಾಕು, ಮಾತಿಗೆ ಏಟು ಬೀಳುವುದಿಲ್ಲ.

ಅಜಿಮತ್‌ಗೂ ಇದೇ ಶಿಳ್ಳೆ. ಶಾರ್ಟ್‌ವೇವ್ ಮಾತಿನಲ್ಲಿ ಟ್ರೆಬಲ್ (ಮೇಲಿನ ಸ್ವರ) ಎಲ್ಲಿದೆ, ಹೆಡ್‌ನ ಸ್ಕ್ರೂ ತಿರುಗಿಸಿ ಕೇಳಲು? ಎಡ ಬಲ ಎರಡೂ ಸೇರಿಸಿ ಮೋನೋ ಮಾಡಿ, ಶಿಳ್ಳೆ ಅತಿ ಜೋರಾಗುವ ಜಾಗದಲ್ಲಿ ಸ್ಕ್ರೂ ನಿಲ್ಲಿಸಿ. ಹೆಡ್ ಕೂತಿತು. ಕಿವಿಗಿಂತ ದನಿಯ ಮೀಟರ್ ನಂಬಿ. ಇದನ್ನು ಟೇಪಿನಿಂದ ಎತ್ತುವಾಗಲೇ ಮಾಡಬೇಕು, ಆಮೇಲೆ ಕಂಪ್ಯೂಟರ್‌ನಲ್ಲಿ ಆಗುವುದಿಲ್ಲ.

ಕಂಪ್ಯೂಟರ್‌ಗೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ತೀರಾ ಸೂಕ್ಷ್ಮವಾಗಿ, ಎತ್ತುತ್ತೇನೆ. ಸ್ಟೀರಿಯೋ ಗಂಟೆಗೆ 2 ಜಿಬಿ ತಿನ್ನುತ್ತದೆ. ಶಾರ್ಟ್‌ವೇವ್‌ಗೆ ಇಷ್ಟು ಯಾಕೆ ಎಂದು ಕೇಳುತ್ತಾರೆ. ಡಿಸ್ಕ್ ಅಗ್ಗ, ಟೇಪನ್ನು ಇನ್ನೊಂದು ಸಲ ಎಳೆಯುವುದು ಅಗ್ಗವಲ್ಲ.

ಇದರಿಂದ ಕೇಳುವುದು ಎಷ್ಟು ಬದಲಾಯಿತು ಎಂದರೆ, 1980ರ ಡಿಸೆಂಬರ್ ಎಂದು ಬರೆದ ಟೇಪನ್ನೇ ತೆಗೆದುಕೊಳ್ಳಿ. ಲೆನನ್‌ಗೆ ನ್ಯೂಯಾರ್ಕ್‌ನಲ್ಲಿ ಗುಂಡು ಬಿದ್ದಿದ್ದು 8ನೇ ತಾರೀಕು ರಾತ್ರಿ, ನಮಗೆ ಅದು 9ರ ಬೆಳಿಗ್ಗೆ, ಇಲ್ಲಿ ಕಾಫಿ ಕೊಯ್ಲಿನ ಹೊತ್ತು. ಆ ವಾರ ರೇಡಿಯೋದಲ್ಲಿ ಅವರ ಹಳೆಯ ಮಾತುಗಳು ಬರುತ್ತಿದ್ದವು, ಮಾವ ಹಿಡಿದಿದ್ದರು. ಸರಿ ಮಾಡುವ ಮುಂಚೆ ಕೇಳಿದವರೆಲ್ಲ ಏನು ಉತ್ಸಾಹ, ಏನು ಅವಸರ ಎಂದರು. ಗೆರೆ ನೆಟ್ಟಗಾದ ಮೇಲೆ ಅದೇ ಮಾತಿನಲ್ಲಿ ಅವಸರವೇ ಇಲ್ಲ. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಜಾಗ ತನ್ನ ಅಳತೆಗೆ ಬಂತು. ಆ ಅವಸರ ಮಾವನ ಸೆಲ್‌ಗಳದ್ದು, ಲೆನನ್ನರದ್ದಲ್ಲ. 1970ರ ಡಿಸೆಂಬರ್‌ನಲ್ಲಿ ಅವರು ರೋಲಿಂಗ್ ಸ್ಟೋನ್ ಪತ್ರಿಕೆಗೆ ಕೊಟ್ಟ ಸಂದರ್ಶನದ ಸಿಟ್ಟನ್ನು ಓದಿರುವ ನಮಗೆ ಈ ವ್ಯತ್ಯಾಸ ಸಣ್ಣದಲ್ಲ. ದನಿ ನೋಡಿ ಮನಸ್ಸು ಹೇಳುವ ಕೆಲಸವನ್ನು ನಾನು ಈಗ ವೇಗ ನೋಡದೆ ಮಾಡುವುದಿಲ್ಲ, ಬೇರೆಯವರು ಮಾಡಿದರೆ ನಂಬುವುದೂ ಇಲ್ಲ.

ಇನ್ನೊಂದು ಟೇಪಿನಲ್ಲಿ ಒಬ್ಬ ಬ್ರಿಟಿಷ್ ಡ್ರಮ್ಮರ್. ಬ್ಯಾಂಡ್ ಯಾಕೆ ಒಡೆಯಿತು ಎಂದು ಕೇಳುತ್ತಾರೆ. ಬಟ್ಟಲನ್ನು ಸಾಸರ್ ಮೇಲೆ ಇಟ್ಟ ಟಣ್ ಶಬ್ದ, ಕುರ್ಚಿ ಕಿರ್ ಎನ್ನುತ್ತದೆ, ಆಮೇಲೆ ಉಸಿರು, ಆಮೇಲೆ ಉತ್ತರ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗೆ ಮೊದಲೇ ಕೊಟ್ಟಿದ್ದರೆ ಬಟ್ಟಲೂ ಹೋಗುತ್ತಿತ್ತು, ಉಸಿರೂ ಹೋಗುತ್ತಿತ್ತು. ನಾನು ಪರೀಕ್ಷೆ ಮಾಡಿ ನೋಡಿದೆ, ನಿಜವಾಗಿಯೂ ಹೋಯಿತು.

ಇದೇ ಹುಮ್ಮಸ್ಸಿನಲ್ಲಿ ಪರಿಚಯದವರೊಬ್ಬರ ಐನ್‌ಮನೆಯಲ್ಲಿ (ಕೊಡವ ಮನೆತನದ ಮೂಲ ಮನೆ) ಹಿಡಿದ ಬಾಳೋ ಪಾಟ್ (ಕೊಡವ ಜನಪದ ಹಾಡು) ಕ್ಯಾಸೆಟ್‌ಗಳಿಗೂ ಕೈ ಹಾಕಿದೆ. ಎದುರಿಗೇ ಹಿಡಿದದ್ದು, ಶಿಳ್ಳೆ ಇಲ್ಲ, ಪಿಪ್ ಇಲ್ಲ. ದುಡಿ ಎಂಬ ಸಣ್ಣ ವಾದ್ಯದ ಲಯ ಹಿಡಿಯೋಣವೆಂದರೆ ಹಾಡುವವರು ತಾವೇ ಏರಿಸಿ ಇಳಿಸುತ್ತಾರೆ. ಅದಕ್ಕೆ ಬೇರೆ ದಾರಿ ಹುಡುಕುತ್ತಿದ್ದೇನೆ, ಒಂದು ಯೋಚನೆ ಇದೆ, ಗಟ್ಟಿಯಾದ ಮೇಲೆ ಹೇಳುತ್ತೇನೆ.

ಮುಗಿಸಿದ ಟೇಪ್‌ಗಳನ್ನು ತೇವ ಹಿಡಿಯದ ಹಾಗೆ ಬಲ್ಬ್ ಹಾಕಿದ ಬೀರುವಿನಲ್ಲಿ ಇಟ್ಟಿದ್ದೇನೆ, ಇಲ್ಲಿನ ಕ್ಯಾಮೆರಾದವರು ಲೆನ್ಸ್ ಇಡುವ ಹಾಗೆ. ಹಳೆಯ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿಯಲ್ಲಿ ಸಾಕಷ್ಟು ಬಿಸಿ ಬರುವುದಿಲ್ಲ. ಎಲ್ಲಾದರೂ ಸಿಕ್ಕರೆ ಹತ್ತಿಪ್ಪತ್ತು ತಂದಿಟ್ಟುಕೊಳ್ಳಿ.

ನಿಮ್ಮ ಮನೆಯಲ್ಲಿ ಇಂಥ ಕ್ಯಾಸೆಟ್ ಇದ್ದು ನನಗೆ ತಂದುಕೊಡುವುದಾದರೆ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ತನ್ನಿ. ಪೆನ್ಸಿಲ್ ಹಾಕಿ ಸುತ್ತಬೇಡಿ, ಒರೆಸಬೇಡಿ. ಆಗಲೇ ಯಾರಾದರೂ ಕಂಪ್ಯೂಟರ್‌ಗೆ ಏರಿಸಿಕೊಟ್ಟಿದ್ದರೆ ಶಿಳ್ಳೆ ತೆಗೆಯದ ಮೂಲ ಫೈಲನ್ನೇ ಕೇಳಿ ಪಡೆಯಿರಿ. ಶುರುವಿನಲ್ಲಿ ಏನೂ ಇಲ್ಲ ಎಂದು ಕತ್ತರಿಸಿ ಎಸೆಯುವ ಆ ಮೊದಲ ನಿಮಿಷ ಇರಲೇಬೇಕು, ಪಿಪ್‌ಗಳು ಇರುವುದು ಅಲ್ಲೇ.