ಕಾರವಾರದ ಮಳೆಗಾಲದಲ್ಲಿ ಅಣುಗಳ ಜಾಲರಿ ನೋಡಿದ್ದು

ಕಾರವಾರದ ಜೂನ್ ತಿಂಗಳು ಗೊತ್ತಲ್ವಾ? ಬಟ್ಟೆ ಒಣಗುವುದಿಲ್ಲ, ಕಪಾಟಿನ ಪುಸ್ತಕಕ್ಕೂ ಬೂಷ್ಟು. ಇಂಥ ಗಾಳಿಯಲ್ಲಿ ಅಣು ನೋಡುತ್ತೇನೆ ಅಂದಾಗ ಎಲ್ಲರೂ ತೇವದ ಮಾತೇ ಎತ್ತಿದರು. ನನ್ನನ್ನು ಕಾಡಿದ್ದು ತೇವವಲ್ಲ, ನಡುಕ.

ನನ್ನದು ಮೇಜಿನ ಮೇಲೆ ಕೂರುವ ಸಣ್ಣ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್. ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಜ್ಯೂರಿಕ್‌ನ ಐಬಿಎಂ ಲ್ಯಾಬಿನಲ್ಲಿ ಮಾಡಿ ತೋರಿಸಿದ ವಿದ್ಯೆ ಇದು. 1986ರಲ್ಲಿ ಅವರಿಗೆ ನೊಬೆಲ್ ಬಂತು. ಇದರಲ್ಲಿ ಲೆನ್ಸ್ ಇಲ್ಲ. ಚೂಪಾದ ತಂತಿಯ ತುದಿ ಮೇಲ್ಮೈಗೆ ತಾಗದಂತೆ ಓಡಾಡುತ್ತದೆ, ನಡುವಿನ ಸಂದಿಯಲ್ಲಿ ಹಾಯುವ ಕರೆಂಟನ್ನು ಅಳೆಯುತ್ತೇವೆ. ಸಂದಿ ಬರೀ 0.1 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಜಾಸ್ತಿಯಾದರೆ ಕರೆಂಟ್ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಭಾರದ ಲಾರಿ ಹೋದರೂ ಚಿತ್ರ ಕೆಡುತ್ತದೆ. ಸ್ಕೂಟರ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ, ಅದರ ಮೇಲೆ ದಪ್ಪ ಗ್ರಾನೈಟ್ ಕಲ್ಲು ಇಟ್ಟು, ಉಪಕರಣವನ್ನು ಅಲ್ಲಿ ಕೂರಿಸಿದೆ. ಸ್ಕ್ಯಾನ್ ನಡೆಯುವಾಗ ಫ್ಯಾನ್, ಎಸಿ ಎರಡೂ ಬಂದ್.

ಮೇಲ್ಮೈ ಸಿದ್ಧ ಮಾಡುವುದು ಸುಲಭ. ಗ್ರಾಫೈಟಿಗೆ ಸೆಲೋ ಟೇಪ್ ಅಂಟಿಸಿ ಎಳೆದರೆ ಮೇಲಿನ ಪದರ ಕಿತ್ತು ಬರುತ್ತದೆ. ನಾನು ನೋಡಬೇಕೆಂದಿದ್ದ ಅಣು ಟ್ರೈಮೆಸಿಕ್ ಆಸಿಡ್. ಅದನ್ನು ನೊನನೋಯಿಕ್ ಆಸಿಡ್ ಎಂಬ ಎಣ್ಣೆಯಂಥ ದ್ರವದಲ್ಲಿ ಕರಗಿಸಿ ಒಂದು ಹನಿ ಹಾಕುತ್ತೇನೆ. ಕಮಟು ಎಣ್ಣೆಯ ವಾಸನೆ, ತಡೆದುಕೊಳ್ಳಬೇಕು. ತೇವ ಕಾಡದಿದ್ದುದು ಈ ಹನಿಯಿಂದಲೇ. ಅದು ಬೇಗ ಆರುವುದಿಲ್ಲ, ಗ್ರಾಫೈಟನ್ನು ಮುಚ್ಚಿಕೊಂಡೇ ಇರುತ್ತದೆ, ಕರೆಂಟನ್ನು ಅಡ್ಡದಾರಿಯಲ್ಲಿ ಸೋರಲೂ ಬಿಡುವುದಿಲ್ಲ. ತುದಿಯನ್ನು ಆ ಹನಿಯೊಳಗೇ ಇಳಿಸುತ್ತೇನೆ.

ತುದಿ ಅಂದರೆ ಪ್ಲಾಟಿನಂ-ಇರಿಡಿಯಂ ತಂತಿ. ಕಟಿಂಗ್ ಪ್ಲೇಯರ್‌ನಲ್ಲಿ ಓರೆಯಾಗಿ ಹಿಡಿದು, ಕತ್ತರಿಸುತ್ತಲೇ ಎಳೆಯಬೇಕು. ಚಿತ್ರದಲ್ಲಿ ಒಂದೊಂದು ಅಣುವೂ ಎರಡೆರಡಾಗಿ ಕಂಡರೆ ಸುಮ್ನೆ ಒದ್ದಾಡಬೇಡಿ, ಹೊಸದಾಗಿ ಕತ್ತರಿಸಿ.

ಟ್ರೈಮೆಸಿಕ್ ಅಣುವಿಗೆ ಮೂರು ಕಾರ್ಬಾಕ್ಸಿಲ್ ಗುಂಪು, ಅಂದರೆ ಆಮ್ಲದ ಗುಣ ಕೊಡುವ ಪರಮಾಣುಗಳ ಗುಂಪು. ಒಂದೊಂದೂ ಪಕ್ಕದ ಅಣುವಿನ ಗುಂಪಿನ ಜೊತೆ ಎರಡು ಹೈಡ್ರೋಜನ್ ಬಂಧ (ಹೈಡ್ರೋಜನ್ ಮೂಲಕ ಆಗುವ ಸಡಿಲ ಹಿಡಿತ) ಕಟ್ಟಿಕೊಳ್ಳುತ್ತದೆ. ಆರು ಅಣು ಸೇರಿ ಒಂದು ಉಂಗುರ, ಉಂಗುರಕ್ಕೆ ಉಂಗುರ ಹೆಣೆದು ಜೇನುಗೂಡಿನಂಥ ಜಾಲರಿ. ಯಾರೂ ಕೂರಿಸಿದ್ದಲ್ಲ, ತಾವೇ ಕೂತದ್ದು! ಸಣ್ಣ ತುಂಡು ಜಾಲರಿಗಳು ಕರಗಿ ದೊಡ್ಡವು ಬೆಳೆಯುವುದು ಒಂದು ಸ್ಕ್ಯಾನಿನಿಂದ ಇನ್ನೊಂದಕ್ಕೆ ಕಾಣುತ್ತದೆ. ನನಗೆ ಅತಿ ಇಷ್ಟದ ಭಾಗ ಇದು.

ಅಂದವಾದ ಚಿತ್ರ ಒಂದು ಸಿಕ್ಕ ಮಾತ್ರಕ್ಕೆ ಅದನ್ನು ನಂಬಬೇಡಿ. ವೋಲ್ಟೇಜ್ ಇಳಿಸಿ, ಕರೆಂಟ್ ಏರಿಸಿದರೆ ಅದೇ ಜಾಗದಲ್ಲಿ ಕೆಳಗಿನ ಗ್ರಾಫೈಟ್ ಕಾಣುತ್ತದೆ. ಚಿತ್ರದಲ್ಲಿ ಅದರ ಚುಕ್ಕಿಗಳ ನಡುವಿನ ಅಂತರ 0.246 ನ್ಯಾನೋಮೀಟರ್, ಜಾಲರಿ ಅಳೆಯಲು ಅಳತೆಕೋಲು ಅದೇ. ಮೇಲಕ್ಕೆ ಹೋಗುವ ಸ್ಕ್ಯಾನಿನಲ್ಲಿ ಜಾಲರಿ ಒಂದು ಕಡೆಗೆ, ಕೆಳಕ್ಕೆ ಬರುವಾಗ ಇನ್ನೊಂದು ಕಡೆಗೆ ವಾಲಿದರೆ ಅದು ಬಿಸಿ-ತಂಪಿನ ಏರಿಳಿತದಿಂದ ಉಪಕರಣದಲ್ಲಿ ಆದ ಜರುಗುವಿಕೆ, ಅಣುಗಳ ಗುಣವಲ್ಲ.

ಜಾಲರಿ ಚೆನ್ನಾಗಿ ಬಂದ ಮೇಲೆ ಕರೋನೀನ್ ಎಂಬ ಚಪ್ಪಟೆ, ದುಂಡನೆಯ ಅಣು ಸೇರಿಸಿ ನೋಡಿ. ಅದು ತೂತುಗಳೊಳಗೆ ಒಂದೊಂದಾಗಿ ಕೂರುತ್ತದೆ.